ಕಡ್ಡಿಯ ಸೌತೆ ಬಳ್ಳಿ

ನಮ್ಮ ಶಾಲೆಯ ಮಕ್ಕಳ ತೋಟದಲ್ಲಿ ಯಾವ ಸಸಿಯೂ ಸಾಯುವುದಿಲ್ಲ. ಗಿಡದ ಮಿಸ್ಸಿನ ಕೈಗುಣ ಅಂಥದ್ದು ಎಂದು ಹೆಡ್ ಮಿಸ್ಸು ಬಂದವರ ಮುಂದೆಲ್ಲ ಹೊಗಳುತ್ತಾರೆ. ಗಿಡದ ಮಿಸ್ಸು ಎಂದರೆ ನಾನು. ಕೈಗುಣವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಸತ್ತ ಸಸಿಯನ್ನು ಕಿತ್ತು, ಅಷ್ಟೇ ಎತ್ತರದ ಇನ್ನೊಂದನ್ನು ಅಲ್ಲಿ ನೆಟ್ಟುಬಿಡುತ್ತೇನೆ.

ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳಿಗೆ ಶುಕ್ರವಾರದ ಕೊನೆಯ ಪೀರಿಯಡ್ಡು ತೋಟದ್ದು. ಒಬ್ಬೊಬ್ಬರಿಗೆ ಒಂದೊಂದು ಹಳೆಯ ಪೇಂಟ್ ಡಬ್ಬ, ತಳದಲ್ಲಿ ಮೊಳೆಯಿಂದ ಹೊಡೆದ ತೂತು, ಮೇಲೆ ಅವರವರೇ ಬರೆದ ಗುರುತು. ಹೆಸರು ಬರೆಯಲು ಬಾರದವರು ಮೀನು, ಚಕ್ರ, ಮೀಸೆ, ಏನು ಬರುತ್ತದೋ ಅದನ್ನು ಬರೆಯುತ್ತಾರೆ. ಬೇರು ಎಷ್ಟುದ್ದ ಬಂದಿದೆ ನೋಡೋಣ ಎಂದು ಕಿತ್ತು ನೋಡುತ್ತಾರೆ. ಬಾಯಾರಿರುತ್ತದೆ ಎಂದು ಮಗ್ಗುಗಟ್ಟಲೆ ನೀರು ಸುರಿಯುತ್ತಾರೆ. ಒಬ್ಬಳು ಚಳಿಯಾಗುತ್ತದೆ ಎಂದು ಸಸಿಗೆ ಸಾಕ್ಸ್ ತೊಡಿಸಿದ್ದಳು. ಆರು ವರ್ಷದವರ ಪ್ರೀತಿಯನ್ನು ತಡೆದುಕೊಳ್ಳುವ ಗಿಡ ಇನ್ನೂ ಹುಟ್ಟಿಲ್ಲ.

ಹಿಂದೊಮ್ಮೆ ಒಬ್ಬನ ಟೊಮೇಟೊ ಸಸಿ ಸತ್ತು, ಅವನು ಊಟ ಬಿಟ್ಟು, ಅದು ದೊಡ್ಡ ರಂಪವಾಗಿತ್ತು. ಆಗ ಹೆಡ್ ಮಿಸ್ಸು ನನ್ನನ್ನು ಕರೆದು, "ನೋಡಿ ಮಿಸ್, ಗಿಡ ಸಾಯುತ್ತೆ, ಬದುಕುತ್ತೆ, ಅದು ನಿಮಗೆ ಬಿಟ್ಟಿದ್ದು. ಮಕ್ಕಳಿಗೆ ಮಾತ್ರ ಗೊತ್ತಾಗೋದು ಬೇಡ. ಅಪ್ಪ ಅಮ್ಮಂದಿರ ಫೋನು ಬರೋದು ನನಗೆ" ಎಂದರು. ಅಂದಿನಿಂದ ಆಟದ ಸಾಮಾನಿನ ಕೋಣೆಯ ಹಿಂದೆ ಟ್ರೇಗಳಲ್ಲಿ ಬದಲಿ ಸಸಿ ಬೆಳೆಸಿಟ್ಟಿರುತ್ತೇನೆ. ಇದುವರೆಗೆ ಒಬ್ಬರಿಗೂ ಅನುಮಾನ ಬಂದಿರಲಿಲ್ಲ.

ಕಡ್ಡಿ ನನ್ನ ಅಕ್ಕನ ಮಗಳು, ಒಂದನೇ ತರಗತಿ. ಹುಟ್ಟಿದಾಗಲೇ ಕಡ್ಡಿಯ ಹಾಗಿದ್ದಳೆಂದು ಅಕ್ಕ ಇಟ್ಟ ಅಡ್ಡಹೆಸರು, ಹಾಜರಿ ಪುಸ್ತಕದ ಹೆಸರು ಈಗ ಹಾಜರಿ ಪುಸ್ತಕಕ್ಕೆ ಮಾತ್ರ. ನಮ್ಮಿಬ್ಬರದೂ ಒಂದು ಒಪ್ಪಂದ: ಶಾಲೆಯ ಗೇಟಿನೊಳಗೆ ನಾನು ಮಿಸ್ಸು, ಗೇಟು ದಾಟಿದರೆ ಚಿಕ್ಕಿ. ಅವಳು ಒಂದು ದಿನವೂ ತಪ್ಪಿಲ್ಲ.

ಅಕ್ಕ ತೀರಿಕೊಂಡು ಒಂದು ಸಸಿ ಬಳ್ಳಿಯಾಗಿ ಹೂ ಬಿಡುವಷ್ಟು ಕಾಲ ಕಳೆದಿತ್ತು. ಕಡ್ಡಿಗೆ ಗೊತ್ತಿರಲಿಲ್ಲ. ಅಮ್ಮ ದೂರದ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ, ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ, ಹುಷಾರಾದ ಮೇಲೆ ಬರುತ್ತಾಳೆ ಎಂದೇ ಅವಳು ತಿಳಿದಿದ್ದಳು.

ಎಲ್ಲ ಮುಗಿದ ದಿನ ನಮ್ಮಮ್ಮ, ಭಾವ, ನಾನು ಅಡುಗೆಮನೆಯಲ್ಲಿ ನಿಂತಿದ್ದೆವು. ಸ್ಟವ್ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ಯಾರೂ ಆರಿಸಲಿಲ್ಲ.

"ಮಗು ಇನ್ನೂ ಚಿಕ್ಕದು. ಸ್ವಲ್ಪ ದಿನ ಹೋಗ್ಲಿ," ಎಂದಳು ಅಮ್ಮ.

"ನೀನೇ ಹೇಳಮ್ಮ," ಎಂದರು ಭಾವ ನನ್ನ ಕಡೆ ನೋಡದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಎಂಥ ಕೆಟ್ಟ ಇಂಜಿನ್ನಿಗೂ ಹೆದರದವರು. "ನನ್ನ ಕೈಲಿ ಆಗಲ್ಲ. ನೀನು ಟೀಚರು. ಮಕ್ಕಳ ಹತ್ರ ಹೇಗೆ ಮಾತಾಡ್ಬೇಕು ಅಂತ ನಿನಗೆ ಗೊತ್ತು."

ಅಂಗಡಿಗೆ ಹೋಗಿ ಬಾ ಎಂದರೆ ಆಗಲಿ ಎನ್ನುವ ಹಾಗೆ ಆಗಲಿ ಎಂದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಯಾರದೋ ಕೆನ್ನೆ ಅನ್ನಿಸುವ ಹಾಗೆ, ನಾನು ಇಡೀ ಹಾಗೇ ಇದ್ದೆ. ಒಂದು ಹನಿ ಕಣ್ಣೀರು ಬರಲಿಲ್ಲ. ಬಂದವರು ನನ್ನ ಬೆನ್ನು ತಟ್ಟಿ, ಗಟ್ಟಿಗಿತ್ತಿ ಎಂದರು. ಅಮ್ಮ ಮಾತ್ರ ಓರೆಗಣ್ಣಿನಿಂದ ನೋಡುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳಿಗಾಗಿ ಅಳದವಳನ್ನು ಹೆತ್ತ ತಾಯಿಯೂ ಓರೆಗಣ್ಣಿನಿಂದಲೇ ನೋಡಬೇಕು, ತಪ್ಪೇನಿಲ್ಲ.

ಪ್ರತಿ ಭಾನುವಾರವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕಡ್ಡಿಯ ತಲೆ ಬಾಚುವಾಗ ಬಾಯಿ ತೆರೆಯುತ್ತಿದ್ದೆ. ಜಡೆ ಮುಗಿಯುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ಅಷ್ಟರಲ್ಲಿ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು, ಶಾಲೆಯ ಅಡುಗೆಯವರಿಗೂ ಗೊತ್ತಾಗಿತ್ತು. ಯಾವತ್ತಾದರೂ ಕುಡಿಯುವ ನೀರಿನ ನಲ್ಲಿಯ ಹತ್ತಿರ ಯಾವುದೋ ಮಗು, ನಿಮ್ಮಮ್ಮ ಸತ್ತೋದ್ರಂತೆ ಅಲ್ವಾ ಎಂದುಬಿಡುತ್ತದೆ. ಆಮೇಲೆ ಅವಳು ಜನ್ಮದಲ್ಲಿ ನನ್ನ ಮಾತು ನಂಬುವುದಿಲ್ಲ. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ಮೈ ಅಲುಗುತ್ತಿರಲಿಲ್ಲ.

ರಜೆ ಮುಗಿಸಿ ಶಾಲೆಗೆ ಹೋದ ಮೊದಲ ಸಂಜೆ ತೋಟಕ್ಕೆ ಹೋದೆ. ನಾನಿಲ್ಲದಾಗ ನೀರು ಹಾಕಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಿಸಿಲು ಬೀಳುವ ಕಡೆ ಇದ್ದ ಡಬ್ಬಗಳು ಒಣಗಿದ್ದವು, ಅವುಗಳಲ್ಲಿ ಕಡ್ಡಿಯ ಸೌತೆ ಸಸಿಯದೂ ಒಂದು. ಅದು ಅವಳ ಪ್ರಾಣ. ಅಕ್ಕನಿಗೆ ಎಳೆ ಸೌತೆಕಾಯಿ ಎಂದರೆ ಆಯಿತು, ಸಿಪ್ಪೆ ಸಮೇತ ಕಟಕಟ ಕಡಿದು ಮುಗಿಸುವವಳು. ಮೊದಲ ಕಾಯಿ ಅಮ್ಮನಿಗೆ ಎಂದು ಬೀಜ ಹಾಕಿದ ದಿನವೇ ಕಡ್ಡಿ ಡಂಗುರ ಸಾರಿದ್ದಳು. ಟ್ರೇಯಿಂದ ಸಸಿ ತಂದು ನೆಟ್ಟೆ, ನೀರು ಹಾಕಿದೆ, ಕೈ ತೊಳೆದುಕೊಂಡೆ.

ಸೌತೆಯ ಟ್ರೇ ಪಕ್ಕದಲ್ಲೇ ಕುಂಬಳದ ಟ್ರೇ ಇತ್ತು. ಎರಡೂ ಮೊಳೆತಾಗ ನೋಡಲು ಅಕ್ಕತಂಗಿಯರ ಹಾಗೆ, ಆದರೆ ಕುಂಬಳದ್ದು ದಪ್ಪ ಎಲೆ, ದಪ್ಪ ಕಾಂಡ. ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿ ಹೇಳಬಲ್ಲೆ. ಆ ಸಂಜೆ ಕಣ್ಣು ತೆರೆದುಕೊಂಡೇ ಕುಂಬಳವನ್ನು ತಂದು ನೆಟ್ಟಿದ್ದೆ.

ಬಳ್ಳಿ ರಾಕ್ಷಸನ ಹಾಗೆ ಬೆಳೆಯಿತು. ಡಬ್ಬ ಸಾಲದೆ ನೆಲಕ್ಕೆ ಇಳಿಸಿದೆವು. ಅದು ಪಕ್ಕದ ಮೀನಿನ ಗುರುತಿನ ಡಬ್ಬವನ್ನು ದಾಟಿ ಗೋಡೆ ಹಿಡಿಯಿತು. ನನಗೆ ಬೇಗನೆ ತಿಳಿಯಿತು, ಸುಮ್ಮನಿದ್ದೆ. ಆಗ ನಾನು ಎಲ್ಲದಕ್ಕೂ ಸುಮ್ಮನಿರುತ್ತಿದ್ದೆ.

ಸುಮ್ಮನಿರದವನು ಎರಡನೇ ತರಗತಿಯ ವಕೀಲ. ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುತ್ತಾನೆಂದು ಟೀಚರುಗಳೇ ಇಟ್ಟ ಹೆಸರು. ಒಂದು ಶುಕ್ರವಾರ ಕಡ್ಡಿಯ ಬಳ್ಳಿಯಲ್ಲಿ ಅಂಗೈಗಿಂತ ದೊಡ್ಡ ಹಳದಿ ಹೂ ಅರಳಿತ್ತು. ಹೂವಿನ ಬುಡದಲ್ಲಿ ಗೋಲಿಯಂಥ ದುಂಡನೆಯ ಹೀಚು.

"ಮಿಸ್, ಇದು ಸೌತೆ ಅಲ್ಲ," ಎಂದ ವಕೀಲ ಎಲ್ಲರಿಗೂ ಕೇಳುವಂತೆ. "ಸೌತೆ ಉದ್ದ ಇರುತ್ತೆ. ಇದು ಗುಂಡಗಿದೆ."

"ಸೌತೆನೇ!" ಎಂದಳು ಕಡ್ಡಿ. "ಚೆನ್ನಾಗಿ ಊಟ ಮಾಡಿ ಸ್ವಲ್ಪ ದಪ್ಪ ಆಗಿದೆ ಅಷ್ಟೇ."

ಎಲ್ಲರೂ ನಕ್ಕರು. ಅವಳು ನನ್ನ ಕಡೆ ತಿರುಗಿದಳು. "ಮಿಸ್, ನೀವೇ ಹೇಳಿ. ನೀವು ಕೊಟ್ಟಿದ್ದು ಸೌತೆ ಬೀಜ ತಾನೆ?"

"ಬೀಜ ಕೊಡುವಾಗ ನಾನೇ ಅದಲು ಬದಲು ಮಾಡಿರ್ಬೇಕು," ಎಂದೆ. ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು.

ಕಡ್ಡಿ ತಲೆ ಅಲ್ಲಾಡಿಸಿದಳು. "ಇಲ್ಲ ಮಿಸ್. ನಾನು ನೋಡಿದೀನಿ. ನನ್ನ ಬೀಜ ಚಿಕ್ಕದಿತ್ತು, ತೆಳ್ಳಗೆ. ವಕೀಲಂದು ಕುಂಬಳ, ಅವಂದು ಇಷ್ಟು ದಪ್ಪ ಇತ್ತು. ನಾವಿಬ್ರೂ ಪಕ್ಕ ಪಕ್ಕ ಇಟ್ಟು ನೋಡಿದ್ವಿ."

"ಹೌದು, ನೋಡಿದ್ವಿ," ಎಂದ ವಕೀಲ. ಮೊದಲ ಸಲ ಎದುರು ಪಕ್ಷದ ಪರವಾಗಿ.

ಹದಿನೈದಿಪ್ಪತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಇನ್ನೊಂದು ಸುಳ್ಳು ಹುಡುಕಿದೆ. ಸಿಗಲಿಲ್ಲ.

"ನಿನ್ನ ಸೌತೆ ಸಸಿ ಸತ್ತುಹೋಯ್ತು ಕಡ್ಡಿ. ನೀರಿಲ್ಲದೆ ಒಣಗಿಹೋಯ್ತು. ಅದನ್ನ ಕಿತ್ತು ನಾನು ಬೇರೆ ನೆಟ್ಟೆ. ನೆಡುವಾಗ ತಪ್ಪಾಗಿ ಕುಂಬಳ ನೆಟ್ಟೆ."

ವಕೀಲನೇ ಮೊದಲು ಕೇಳಿದ: "ನಂದೂ ಸತ್ತಿತ್ತಾ?"

"ನಿಂದು ಎರಡು ಸಲ."

"ನಂದು ಮಿಸ್?" "ನಂದು?" ಎಂದು ಸುತ್ತಲೂ ಮುತ್ತಿಕೊಂಡರು. ಒಬ್ಬೊಬ್ಬರಿಗೂ ಹೇಳಿದೆ. ಇನ್ನು ಅಳು ಶುರುವಾಗುತ್ತದೆ, ನಾಳೆ ಹೆಡ್ ಮಿಸ್ಸಿನ ಫೋನು ಬಡಿದುಕೊಳ್ಳುತ್ತದೆ ಎಂದುಕೊಂಡೆ. ಯಾರೂ ಅಳಲಿಲ್ಲ. ಸತ್ತದ್ದನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದರು. ಗೊಬ್ಬರದ ಗುಂಡಿ ತೋರಿಸಿದೆ. ಎಲ್ಲರೂ ಓಡಿಹೋಗಿ ಗುಂಡಿಯ ಸುತ್ತ ಕುಕ್ಕರಗಾಲಿನಲ್ಲಿ ಕೂತು, ಇದು ನಂದು, ಅದು ನಿಂದು ಎಂದು ಒಣ ಕಡ್ಡಿಗಳನ್ನು ಹಂಚಿಕೊಳ್ಳತೊಡಗಿದರು. ಎರಡು ಸಲ ಸತ್ತವನಿಗೆ ಭಾರಿ ಗೌರವ ಸಿಕ್ಕಿತು.

ಕಡ್ಡಿ ಹೋಗಲಿಲ್ಲ. ಬಳ್ಳಿಯ ಹತ್ತಿರವೇ ನಿಂತು, ಬೆಲ್ಲು ಹೊಡೆಯುವವರೆಗೂ ಆ ಹೂವನ್ನು ನೋಡುತ್ತಿದ್ದಳು.

ಗೇಟು ದಾಟಿದೆವು. ದಿನವೂ ಗೇಟು ದಾಟಿದ ಕೂಡಲೇ ಅವಳ ಬಾಯಿಗೆ ಬೀಗವಿರುವುದಿಲ್ಲ. ಅವತ್ತು ನೆಲ ನೋಡಿಕೊಂಡು ನಡೆದಳು. ಝೆರಾಕ್ಸ್ ಅಂಗಡಿ, ಚಪ್ಪಲಿ ರಿಪೇರಿಯವನ ಪೆಟ್ಟಿಗೆ, ಬಸ್ ಸ್ಟಾಪು ಎಲ್ಲ ಆದವು. ಸಿಗ್ನಲ್ಲಿನ ಹತ್ತಿರ ರಸ್ತೆ ದಾಟಲು ನಿಂತಾಗ ಕೇಳಿದಳು.

"ಚಿಕ್ಕಿ, ನನ್ನ ಗಿಡ ಯಾವತ್ತು ಸತ್ತಿದ್ದು?"

"ನಾನು ರಜಾ ಹಾಕಿದ್ದೆನಲ್ಲ, ಆಗ."

"ನೀನು ಯಾಕೆ ರಜಾ ಹಾಕಿದ್ದೆ?"

ಜ್ವರ ಬಂದಿತ್ತು ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದು ಅದನ್ನೇ. ಧೈರ್ಯ ಬಂತು ಎಂದು ಯಾರೂ ತಿಳಿಯಬೇಡಿ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ನನ್ನಲ್ಲಿ ಅದು ಮುಗಿದುಹೋಗಿತ್ತು. ಅವಳ ಕೈ ಹಿಡಿದು ಹಿಂದಕ್ಕೆ ಕರೆತಂದು, ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತೆ.

"ಅಮ್ಮ ಸತ್ತುಹೋದಳು ಕಡ್ಡಿ. ಆಸ್ಪತ್ರೆಯಲ್ಲಿ. ಅದಕ್ಕೇ ರಜಾ ಹಾಕಿದ್ದೆ. ಅವಳು ಇನ್ನು ಬರಲ್ಲ."

ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಎದುರಿನಲ್ಲಿ ಸಿಗ್ನಲ್ಲು ಹಸಿರಾಯಿತು, ಜನ ದಾಟಿದರು.

"ಅಜ್ಜಿಗೆ ಗೊತ್ತಾ?"

"ಗೊತ್ತು."

"ಅಪ್ಪಂಗೆ?"

"ಗೊತ್ತು."

"ಟೈಲರ್ ಆಂಟಿಗೆ?" ಟೈಲರ್ ಆಂಟಿ ನಮ್ಮ ಪಕ್ಕದ ಮನೆಯವರು. ಆ ದಿನಗಳಲ್ಲಿ ಕಡ್ಡಿಯನ್ನು ಅವರ ಮನೆಯಲ್ಲೇ ಬಿಟ್ಟಿದ್ದೆವು.

"ಗೊತ್ತು."

"ನನಗೊಬ್ಬಳಿಗೇ ಗೊತ್ತಿರ್ಲಿಲ್ವಾ?"

ಹೂಂ ಎಂದೆ. ಅವಳ ಕಿವಿ ಕೆಂಪಾಯಿತು. ಏನನ್ನೋ ಲೆಕ್ಕ ಹಾಕುವವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಅವತ್ತು ನಾನು ಆಂಟಿ ಮನೇಲಿ ಡ್ಯಾನ್ಸ್ ಮಾಡ್ದೆ. ಬಟ್ಟೆ ಚೂರೆಲ್ಲ ತಲೆಗೆ ಕಟ್ಕೊಂಡು. ನೀನು ಕರ್ಕೊಂಡು ಹೋಗೋಕೆ ಬಂದಾಗ್ಲೂ ಮಾಡ್ತಿದ್ದೆ."

"ಹೌದು."

"ನೀನು ನೋಡ್ದೆ."

"ನೋಡ್ದೆ."

"ನಿಲ್ಸು ಅಂತ ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಿತು. "ನೀನು ಚಪ್ಪಾಳೆ ತಟ್ದೆ ಚಿಕ್ಕಿ! ಇನ್ನೊಂದ್ಸಲ ಮಾಡು ಅಂದೆ!"

ಅಂದಿದ್ದೆ. ಸ್ಮಶಾನದಿಂದ ನೇರವಾಗಿ ಬಂದು, ಬಾಗಿಲಲ್ಲಿ ನಿಂತು, ಚಪ್ಪಾಳೆ ತಟ್ಟಿದ್ದೆ. ನನಗೆ ಅದು ಮರೆತೇಹೋಗಿತ್ತು.

ಅವಳು ಹೊಡೆದಳು. ಎರಡೂ ಮುಷ್ಟಿ ಕಟ್ಟಿ ನನ್ನ ತೋಳಿಗೆ, ತೊಡೆಗೆ, ಎದೆಗೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ. ಕಡ್ಡಿಯಂಥ ಕೈಗೆ ಅಷ್ಟು ಬಲ ಎಲ್ಲಿತ್ತೋ. ದಾರಿಹೋಕರು ನಿಂತು ನೋಡಿದರು, ಯಾರೋ ಒಬ್ಬರು ಚ್ಚೆ ಚ್ಚೆ ಎಂದರು. ನಾನು ಅವಳ ಕೈ ಹಿಡಿಯಲಿಲ್ಲ. ಎದೆಯ ಮೂಳೆಗೆ ಒಂದು ಪೆಟ್ಟು ಸರಿಯಾಗಿ ಬಿತ್ತು. ನೋವಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ನೋವಾದದ್ದು ಅದೇ ಮೊದಲು.

ಅವಳು ತಟ್ಟನೆ ನಿಲ್ಲಿಸಿ ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. ನಾನು ಅಳುತ್ತಿದ್ದೇನೆ ಎನ್ನುವುದು ನನಗೆ ಗೊತ್ತಾದದ್ದು ಆಗಲೇ. ಗಲ್ಲ, ಕುತ್ತಿಗೆ ಎಲ್ಲ ಒದ್ದೆಯಾಗಿತ್ತು, ಮೂಗು ಸೋರುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

"ನೀನು ಈಗ ಯಾಕೆ ಅಳ್ತೀಯಾ?" ಎಂದಳು ಸಿಟ್ಟಿನಿಂದ. "ನಾನಿನ್ನೂ ಶುರುನೇ ಮಾಡಿಲ್ಲ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಅವಳ ಬೆನ್ನಿನ ಬ್ಯಾಗು ಕಳಚಿ ಮೆಟ್ಟಿಲ ಮೇಲಿಟ್ಟು, ಅವಳು ಶುರು ಮಾಡಲೆಂದು ಕಾಯುತ್ತ ಕೂತೆ.