ಮಾವನ ಕೆನ್ನೆ

ನನ್ನ ದನಿ ಮೂರನೇ ಬೆಂಚು ದಾಟುವುದಿಲ್ಲ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೂ ಅವರಿಗೆ ಕೇಳಿಸುತ್ತದೋ ಇಲ್ಲವೋ. ‘ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಿನ್ನ ಮಾತು ಅದಕ್ಕೂ ಕೇಳಿಸಲ್ಲ ಕಣೇ’ ಎನ್ನುತ್ತಾನೆ ಅಣ್ಣ. ಪದವಿ ಮುಗಿಸಿ ಈ ಶಾಲೆಯ ಪುಟ್ಟ ಮಕ್ಕಳಿಗೆ ಕಲೆ ಕಲಿಸಲು ಸೇರಿದಾಗ, ಕೈಕೆಲಸಕ್ಕೆ ಬಾಯಿ ಯಾಕೆ ಬೇಕು ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಶಾಲೆಯ ಕಲಾ ಪ್ರದರ್ಶನಕ್ಕೆ ಈ ಸಲ ಮೂರನೇ ತರಗತಿಯಿಂದ ಮುಖವಾಡ. ಊದಿದ ಬಲೂನಿನ ಮೇಲೆ ಹಳೇ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಬೇಕು. ಒಣಗಿದ ಮೇಲೆ ಬಲೂನು ಒಡೆದು, ಗಟ್ಟಿ ಚಿಪ್ಪನ್ನು ಎರಡು ಹೋಳು ಮಾಡಿ ಬಣ್ಣ ಬಳಿಯಬೇಕು. ‘ನಿಮ್ಮ ಮನೆಯವರಲ್ಲಿ ಒಬ್ಬರ ಮುಖ ಮಾಡಿ. ಒಣಗೋವರೆಗೂ ಬಲೂನು ಮುಟ್ಟಬೇಡಿ’ ಎಂದೆ. ಮುಂದಿನ ಬೆಂಚಿಗೆ ಕೇಳಿಸಿತು. ಹಿಂದಿನಿಂದ ಢಬ್, ಢಬ್! ಒಬ್ಬಳ ಜಡೆ ಬೆಂಚಿಗೆ ಅಂಟಿಕೊಂಡಿತು. ಇನ್ನೊಬ್ಬ ಅಂಟು ನೆಕ್ಕಿ ನೋಡಿ, ಉಪ್ಪು ಕಮ್ಮಿ ಎಂದ.

‘ಟೀಚರ್, ಇವನು ನಮ್ಮಪ್ಪನ ಮೂಗು ಕಿತ್ಕೊಂಡ!’

‘ಸುಳ್ಳು! ಅದು ನಮ್ಮ ಚಿಕ್ಕಮ್ಮನ ಮೂಗು!’

ನೆಲದ ಮೇಲೆ ಬಿದ್ದಿದ್ದ ಆ ಮೂಗನ್ನು ಅಷ್ಟರಲ್ಲಿ ಯಾರೋ ತುಳಿದಾಗಿತ್ತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಮುಂದಿನ ಬೆಂಚಿನಲ್ಲಿ ಕೂರುವವಳು ಲಾಯರಮ್ಮ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಇಡೀ ಶಾಲೆ ಅವಳಿಗೆ ಇಟ್ಟ ಅಡ್ಡಹೆಸರು ಅದು. ಅಂಟು ಮೆತ್ತಿದ ಕೈ ಎತ್ತಿ ಕೇಳಿದಳು: ‘ಟೀಚರ್, ನಮ್ಮ ಮಾವಂಗೆ ಹಲ್ಲುನೋವು. ಒಂದೇ ಕೆನ್ನೆ ದಪ್ಪ ಆಗಿದೆ. ಬಲೂನು ನೋಡಿದ್ರೆ ಎರಡೂ ಕಡೆ ಒಂದೇ ಥರ ಇದೆ. ಈಗೇನು ಮಾಡೋದು?’

ಸೇರಿದಾಗಿನಿಂದ ನನಗೆ ಸಿಕ್ಕ ಮೊದಲ ನೆಟ್ಟಗಿನ ಪ್ರಶ್ನೆ. ಒದ್ದೆ ಕಾಗದವನ್ನು ಮುದ್ದೆ ಮಾಡಿ, ಅಂಟಿಸಿ, ಮೇಲೆ ಪದರ ಎಳೆಯುವುದನ್ನು ತೋರಿಸಿದೆ. ನಾಲಿಗೆ ಕಚ್ಚಿಕೊಂಡು ಮಾಡಿದಳು. ಒಣಗಿದ ಮೇಲೆ ಊದಿದ ಕೆನ್ನೆಗೆ ನೇರಳೆ ಬಣ್ಣ ಬಳಿದಳು. ‘ನೇರಳೆ ಯಾಕೆ?’ ಎಂದರೆ, ‘ನೋವಿನ ಬಣ್ಣ ಅದೇ ಅಲ್ವಾ ಟೀಚರ್?’ ಎಂದು ನನಗೇ ತಿರುಗಿಸಿ ಕೇಳಿದಳು.

ಪ್ರದರ್ಶನದ ಹಿಂದಿನ ದಿನ ಮಕ್ಕಳ ಕೆಲಸದ ಮೇಲೆ ‘ಸ್ವಲ್ಪ ಕೈಯಾಡಿಸುವುದು’ ನಮ್ಮ ಹೆಡ್‌ಮೇಡಂ ನಡೆಸಿಕೊಂಡು ಬಂದ ಪದ್ಧತಿ. ಮಕ್ಕಳು ಮನೆಗೆ ಹೋದ ಮೇಲೆ ಬ್ಲೇಡು, ಬಿಳಿ ಬಣ್ಣ, ಗುಲಾಬಿ ಬಣ್ಣ ಹಿಡಿದು ಕುಳಿತರು. ಕುಂಚ ತೊಳೆದುಕೊಡುವುದು ನನ್ನ ಪಾಲಿನ ಕೆಲಸ.

‘ಇದೇನ್ರೀ ಇದು, ಗಡ್ಡೆ?’

‘ಮೇಡಂ, ಅದು ಬೇಕಂತಲೇ...’

‘ಏನಂದ್ರಿ?’

‘ಏನಿಲ್ಲ ಮೇಡಂ.’

ಬ್ಲೇಡು ಕರಕರ ಎಂದಿತು. ಕೆನ್ನೆ ನೆಲಕ್ಕೆ ಬಿತ್ತು. ಅವರು ಆ ಕಡೆ ತಿರುಗಿದಾಗ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಒಳಬದಿಯಲ್ಲಿ ಮಕ್ಕಳು ಬರೆದಿದ್ದ ಹೆಸರುಗಳ ಮೇಲೂ ಬಿಳಿ ಬಣ್ಣ ಹರಿಯಿತು. ಕೊನೆಗೆ ಎಲ್ಲ ಮುಖಗಳಿಗೂ ಅದೇ ಬಿಲ್ಲಿನಂಥ ಹುಬ್ಬು, ಅದೇ ಗುಲಾಬಿ ನಗು. ಇಡೀ ತರಗತಿ ಒಂದೇ ಮನೆತನದ್ದು ಎನ್ನಬೇಕು, ಹಾಗೆ. ಡೈರಿಯಲ್ಲಿ ನಾನು ಭಾರೀ ಜಗಳಗಂಟಿ. ಹೆಡ್‌ಮೇಡಂಗೆ ಅಲ್ಲಿ ಎರಡು ಪುಟ ಝಾಡಿಸಿದೆ. ಅದರಿಂದ ಕೆನ್ನೆಯೇನೂ ಮರಳಿ ಅಂಟಿಕೊಳ್ಳಲಿಲ್ಲ.

ಮರುದಿನ ಸಭಾಂಗಣದ ತುಂಬ ಹೆತ್ತವರು. ಲಾಯರಮ್ಮ ಒಂದು ಕೈಯಲ್ಲಿ ಅಮ್ಮನನ್ನು, ಇನ್ನೊಂದರಲ್ಲಿ ಮಾವನನ್ನು ಎಳೆದುಕೊಂಡು ಬಂದಳು. ಮಾವ ಕರವಸ್ತ್ರ ಒತ್ತಿ ಹಿಡಿದಿದ್ದರೂ ಕೆನ್ನೆ ಅದರಾಚೆ ಇಣುಕುತ್ತಿತ್ತು.

‘ಎಲ್ಲಿದ್ದೀನೇ ನಾನು?’ ಅರ್ಧ ಬಾಯಲ್ಲೇ ಕೇಳಿದರು.

ಅವಳು ಮುಖವಾಡ ಜೋಡಿಸಿಟ್ಟ ಮೇಜಿನ ಆ ತುದಿಯಿಂದ ಈ ತುದಿಗೆ ನಡೆದಳು. ಮತ್ತೆ ನಡೆದಳು. ‘ಇಲ್ಲಿ ಇಲ್ಲ. ಇದ್ಯಾವುದೂ ಮಾವ ಅಲ್ಲ.’

‘ಮಾಡಿಲ್ಲ ಅಂದ್ರೆ ಮಾಡಿಲ್ಲ ಅನ್ನು’ ಎಂದರು ಅಮ್ಮ. ‘ವಾರದಿಂದ ಕೆನ್ನೆ, ಕೆನ್ನೆ ಅಂತ ತಲೆ ತಿಂದಿದ್ದೀಯ. ನೋವಲ್ಲಿರೋ ಮನುಷ್ಯನ್ನ ಸುಮ್ಮನೆ ಎಬ್ಬಿಸ್ಕೊಂಡು ಬಂದೆ. ಸುಳ್ಳುಬುರುಕಿ!’

‘ಬಯ್ಯಬೇಡಿ ಪಾಪ’ ಎಂದರು ಹೆಡ್‌ಮೇಡಂ ನಗುತ್ತ. ‘ಮಕ್ಕಳಿಗೆ ಕಲ್ಪನೆ ಜಾಸ್ತಿ.’

ಲಾಯರಮ್ಮ ಅಳಲಿಲ್ಲ, ಸಾಕ್ಷಿ ಕರೆದಳು. ಬೆರಳು ನೇರ ನನ್ನ ಕಡೆ.

‘ನಾನು ಸುಳ್ಳು ಹೇಳಲ್ಲ. ಟೀಚರ್ ನೋಡಿದ್ದಾರೆ, ಅವರನ್ನೇ ಕೇಳಿ.’

ಎಲ್ಲರೂ ತಿರುಗಿದರು. ಹೆಡ್‌ಮೇಡಂ ತುಟಿಯ ಮೇಲೆ ಅದೇ ಗುಲಾಬಿ ನಗು. ‘ಹೇಳಿ ಟೀಚರ್, ಅಂಥದ್ದೇನಾದ್ರೂ ಇತ್ತಾ?’

‘ಏನಿಲ್ಲ ಮೇಡಂ’ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನಾಲಿಗೆಗೆ ಯಾವಾಗಲೂ ಅದೇ ಅಭ್ಯಾಸ. ಆ ಮಾತನ್ನು ನುಂಗಿದೆ. ಚೀಲದೊಳಗೆ ಕೈ ಹಾಕಿ, ಕೀಲಿಗೊಂಚಲಿನ ಕೆಳಗೆ ತಡಕಾಡಿ, ನೇರಳೆ ಬಣ್ಣದ ಆ ಕೆನ್ನೆಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ಬಾಗಿಲ ಬಳಿ ನಿಂತಿದ್ದ ಕಟ್ಟಕಡೆಯ ಅಪ್ಪನನ್ನು ನೋಡಿಕೊಂಡು, ಅವರಿಗೂ ಕೇಳಿಸುವ ಹಾಗೆ ಹೇಳಿದೆ:

‘ಇತ್ತು. ಇವಳು ಮಾಡಿದ್ಲು. ಕತ್ತರಿಸಿ ಹಾಕಿದ್ದು ನಾವು.’