ಒರೆಸಿಟ್ಟ ಭರಣಿ

ಕೋಣಂದೂರಿನ ಕುಮುದಾ ಮಾರುವ ತುಪ್ಪ ಈ ಸಲ ಮೇಣದ ಹಾಗೆ ಗಟ್ಟಿಯಾಗಿದೆ ಎಂದು ಗಿರಾಕಿಯೊಬ್ಬರು ದೂರಿದ್ದರು. ತೀರ್ಥಹಳ್ಳಿಯ ಅಂಗಡಿಯ ಪೂರ್ಣೇಶ್ ನಗುತ್ತಲೇ ಹೇಳಿದ್ದ: "ಕುಮುದಕ್ಕ, ನಿಮ್ಮನೆ ಎಮ್ಮೆ ಡಾಲ್ಡಾ ಕೊಡೋಕೆ ಶುರು ಮಾಡ್ತಾ? ಲ್ಯಾಬ್ ರಿಪೋರ್ಟ್ ತನ್ನಿ. ಇಲ್ದಿದ್ರೆ ಇನ್ಮೇಲೆ ನಿಮ್ಮ ತುಪ್ಪ ಇಡಲ್ಲ."

ಹಾಗಾಗಿ ಅವಳು ಸಾಗರದ ಲ್ಯಾಬಿಗೆ ಬಂದು ಕೂತಿದ್ದಳು. ಅಲ್ಲಿ ಕೆಲಸ ಮಾಡುವ ಲಿಖಿತಾ ತುಪ್ಪದ ಹನಿಯೊಂದನ್ನು ದ್ರಾವಕದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟಳು. ಉಕ್ಕಿನ ಸಣ್ಣ ಕೊಳವೆಯೊಳಗೆ ಹಾಯುವಾಗ ಬಗೆಬಗೆಯ ಕೊಬ್ಬು ಬೇರೆಬೇರೆ ಹೊತ್ತಿಗೆ ಹೊರಬೀಳುತ್ತದೆ. ಒಂದೊಂದು ಹೊರಬಿದ್ದಾಗಲೂ ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಎದ್ದು ಇಳಿಯುತ್ತದೆ. ಗಿಡ್ಡ ಗುಡ್ಡಗಳು ಸಾಲಾಗಿ ಬಂದವು. ಕಡೆಗೆ ಒಂದು ಎಲ್ಲವನ್ನೂ ಮೀರಿ ನಿಂತಿತು.

"ಇದು ಹಾಲಿನ ಕೊಬ್ಬಲ್ಲ ಅಕ್ಕಾ. ಡಾಲ್ಡಾನೂ ಅಲ್ಲ, ಯಾವ್ದೋ ಬೀಜದ್ದು. ಮನೇಲಿ ಉಪ್ಪಾಗೆ ತುಪ್ಪ ಮಾಡ್ತೀರಾ?"

ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆಯುವ ಆ ಕೊಬ್ಬು ಮನೆಯಲ್ಲಿತ್ತು. "ದೋಸೆ ಕಾವಲಿಗೆ ಹಾಕ್ತೀವಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?" ಎನ್ನುತ್ತಲೇ ಕುಮುದಾ ಅತ್ತೆ ದುಗ್ಗಮ್ಮನಿಗೆ ಫೋನ್ ಮಾಡಿದಳು.

"ಅತ್ತೆ, ಈ ಸಲದ ತುಪ್ಪ ಯಾವುದಕ್ಕೆ ಬಗ್ಗಿಸಿದ್ರಿ?"

"ಉಪ್ಪಾಗೆ ತುಪ್ಪದ ಭರಣಿ ಖಾಲಿ ಆಗಿತ್ತಲ್ಲ, ಅದಕ್ಕೆ."

"ತೊಳ್ದಿದ್ರಾ?"

"ತುಪ್ಪ ಹಾಕೋ ಭರಣಿಗೆ ಯಾರಾದ್ರೂ ನೀರು ಮುಟ್ಟಿಸ್ತಾರೇನೇ? ಕೆಡಲ್ವಾ? ಬಟ್ಟೇಲಿ ಒರ್ಸಿದ್ದೆ."

ಒರೆಸಿದರೂ ಹೋಗದೆ ತಳದಲ್ಲಿ ದಪ್ಪಗೆ ಅಂಟಿದ್ದ ಉಪ್ಪಾಗೆ ತುಪ್ಪ ಬಿಸಿಗೆ ಕರಗಿ ಬೆರೆತಿತ್ತು.

"ಆಯ್ತು, ನೀವು ಊಟ ಮಾಡಿ," ಎಂದಳು ಕುಮುದಾ.

ಲಿಖಿತಾ ದನಿ ತಗ್ಗಿಸಿದಳು. "ಇದಿನ್ನೂ ಪ್ರಿಂಟ್ ಮಾಡಿಲ್ಲ. ಸ್ಟೀಲ್ ಪಾತ್ರೇಲಿ ಹೊಸದಾಗಿ ಕಾಯ್ಸಿ ತನ್ನಿ, ಅದರ ರಿಪೋರ್ಟ್ ಕೊಡ್ತೀನಿ. ಶುದ್ಧ ಅಂತ್ಲೇ ಬರುತ್ತೆ."

ಅದೇನೂ ಸುಳ್ಳಾಗುತ್ತಿರಲಿಲ್ಲ. ಆದರೆ ಆ ಭರಣಿಯ ತುಪ್ಪ ತುಂಬಿದ ಬಾಟಲಿಗಳು ಪೂರ್ಣೇಶನ ಅಂಗಡಿಯಲ್ಲಿ ಇನ್ನೂ ಇದ್ದವು. ಕುಮುದಾ ಪರದೆಯತ್ತ ಬೆರಳು ತೋರಿದಳು.

"ಇದನ್ನೇ ಕೊಡು."

ತೀರ್ಥಹಳ್ಳಿಯ ಅಂಗಡಿಯಲ್ಲಿ ಪೂರ್ಣೇಶ್ ರಿಪೋರ್ಟ್ ಓದಿದ. "ಯಾರು ಬೆರೆಸಿದ್ದು?"

"ಬೆರೆಸಿದ್ದಲ್ಲ. ಉಪ್ಪಾಗೆ ತುಪ್ಪದ ಭರಣಿ ತೊಳೀದೆ ಹಾಕಿದ್ದು. ನನ್ನ ಕೆಲಸ."

ಅವನು ಬಾಟಲಿಗಳನ್ನು ಒಂದೊಂದಾಗಿ ಕೆಳಗಿಳಿಸಿದ. "ಇವು ಇಲ್ಲಿ ಬೇಡ. ಹೊಸದು ತಂದಾಗ ಅದಕ್ಕೂ ರಿಪೋರ್ಟ್ ಬೇಕು."

"ತರ್ತೀನಿ."

"ಒಂದು ಇಲ್ಲೇ ಬಿಡಿ. ನಮ್ಮಮ್ಮನ ಹಿಮ್ಮಡಿ ಒಡೆದಿದೆ, ಅದಕ್ಕೆ ಉಪ್ಪಾಗೆ ಒಳ್ಳೇದಲ್ವಾ, ಹಚ್ಕೊಳ್ಳಲಿ."

ಕುಮುದಾಗೂ ನಗು ಬಂತು. ಉಳಿದ ಬಾಟಲಿಗಳನ್ನು ಚೀಲಕ್ಕೆ ತುಂಬಿ ಬಸ್ ಹತ್ತಿದಳು. ಅತ್ತೆಗೆ ನೋವಾಗದ ಹಾಗೆ ಮಾತು ಎಲ್ಲಿಂದ ಶುರು ಮಾಡುವುದೆಂದು ಕೋಣಂದೂರು ಬಂದರೂ ಹೊಳೆಯಲಿಲ್ಲ.