ಇಬ್ಬರದೂ ಜೂನ್ ಒಂದು

ನನಗೆ ಪೈಲಟ್ ಕೆಲಸ ಸಿಕ್ಕಿತು ಅಂದಾಗ ಮುಂಬೈಯ ನಮ್ಮ ಬಿಲ್ಡಿಂಗಿನವರೆಲ್ಲ ಪೇಡೆ ತಿಂದರು. ಯಾವ ಊರಿಗೆ ಹಾಕುತ್ತಾರೋ ಎಂಬ ಚಿಂತೆ ಮಾತ್ರ ನನ್ನೊಬ್ಬಳ ಪಾಲಿಗೆ ಉಳಿಯಿತು. ಗಂಡ ಮನೀಶ್ ಹಡಗಿನಲ್ಲಿದ್ದಾನೆ, ವರ್ಷದಲ್ಲಿ ಏಳು ತಿಂಗಳು ಸಮುದ್ರ. ಮಗಳು ಶ್ರಾವ್ಯಾಗೆ ಮೂರು ವರ್ಷ. ನಾನೂ ದೂರ ಹೋದರೆ ಆ ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಫೋನಿನೊಳಗೇ.

ಬ್ಯಾಚಿನಲ್ಲಿ ನಾವು ಎಂಟು ಜನ. ಮುಂಬೈಗೆ ಇದ್ದದ್ದು ಒಂದೇ ಸೀಟು, ಅದೂ ಫ್ಯಾನಿನ ಸಣ್ಣ ವಿಮಾನದಲ್ಲಿ. ಉಳಿದ ಏಳೂ ದಿಲ್ಲಿಯಲ್ಲಿ, ದೊಡ್ಡ ಏರ್‌ಬಸ್ ವಿಮಾನದಲ್ಲಿ. ಸಣ್ಣ ವಿಮಾನವೆಂದು ಮೂಗು ಮುರಿಯುವವರು ಮುರಿಯಲಿ, ಹೆಚ್ಚಿನ ದಿನ ಅದು ಬೆಳಿಗ್ಗೆ ಹೋಗಿ ಸಂಜೆ ಮರಳುತ್ತದೆ. ನನಗೆ ಅಷ್ಟು ಸಾಕಿತ್ತು. ನಮ್ಮ ಬ್ಯಾಚಿನವನೇ ಆದ, ಮುಂಬೈಯದೇ ಭಾಂಡುಪಿನ ಶರಣುಗೂ ಅದೇ ಬೇಕಿತ್ತು. ಅವನ ಮನೆಯಲ್ಲಿ ಅವನು ಮತ್ತು ಅವನವ್ವ ಮಲ್ಲಕ್ಕ, ಇಬ್ಬರೇ.

ಊರು ಆರಿಸುವ ದಿನ ವಿಲೆ ಪಾರ್ಲೆಯ ಕಂಪನಿ ಆಫೀಸಿನಲ್ಲಿ ನಮ್ಮ ಸಾಹೇಬರು ಸುಹಾಸ್ ಸರ್ ಪಟ್ಟಿ ಹಿಡಿದು ಕೂತರು. ವಯಸ್ಸಿನಲ್ಲಿ ಹಿರಿಯರಿಗೆ ಮೊದಲ ಆಯ್ಕೆ, ಅದು ಕಂಪನಿಯ ನಿಯಮ. ಎಂಟು ಜನರಲ್ಲಿ ನಾನೂ ಶರಣುವೂ ಎಲ್ಲರಿಗಿಂತ ದೊಡ್ಡವರು.

“ಯಕ್ಷಿತಾ, ಶರಣು, ಇಬ್ಬರದೂ ಒಂದೇ ವರ್ಷ, ಜೂನ್ ಒಂದು? ಕಮಾಲ್ ಹೈ!”

ನಾವಿಬ್ಬರೂ ಮುಖ ನೋಡಿಕೊಂಡು ನಕ್ಕೆವು. ಒಂದನೇ ಕ್ಲಾಸಿಗೆ ವಯಸ್ಸು ಸಾಲದ ಮಕ್ಕಳಿಗೆಲ್ಲ ನಮ್ಮ ಕನ್ನಡ ಶಾಲೆಗಳ ಮಾಸ್ತರರು ಕಣ್ಣು ಮುಚ್ಚಿ ಬರೆದುಬಿಡುತ್ತಿದ್ದ ತಾರೀಕು ಅದು.

ಹಾಗಿದ್ದರೆ ಹೆಸರಿನ ಇಂಗ್ಲಿಷ್ ಅಕ್ಷರ ನೋಡೋಣ ಎಂದರು ಸರ್. ಎಸ್ ಮೊದಲು, ವೈ ಆಮೇಲೆ. ಅಂದರೆ ಮುಂಬೈ ಅವನ ಪಾಲಾಯಿತು. ಈ ಹೆಸರಿಟ್ಟ ಅಜ್ಜಿಯನ್ನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಚಹಾಕ್ಕೆ ಬಿಟ್ಟರು.

ಶರಣು ಗ್ಲಾಸು ಹಿಡಿದು ಹತ್ತಿರ ಬಂದ. “ನಿಮ್ಮ ಖರೇ ಹುಟ್ಟಿದ ದಿನಾ ಯಾವುದ್ರಿ?”

ಗೆದ್ದವನಿಗೆ ತಮಾಷೆ ಎಂದು ಸಿಟ್ಟೇ ಬಂತು. “ನಾಗರಪಂಚಮಿ. ನಿನ್ನದು?”

“ಶೀಗಿ ಹುಣ್ಣಿಮಿ.”

ಶ್ರಾವಣ ಎಲ್ಲಿ, ಶೀಗಿ ಹುಣ್ಣಿಮೆ ಎಲ್ಲಿ! ಎರಡು ತಿಂಗಳಿಗೆ ನಾನು ದೊಡ್ಡವಳು. ಆದರೆ ಅದನ್ನು ತೋರಿಸಲು ನನ್ನ ಹತ್ತಿರ ಒಂದು ಕಾಗದವೂ ಇಲ್ಲ. ಅವನು ಹೂಂ ಅಂದು ಚಹಾ ಮುಗಿಸಿದ.

ಒಳಗೆ ಮೊದಲು ಅವನನ್ನೇ ಕರೆದರು. ಅವನು ಎದ್ದು ನಿಂತು, “ದಿಲ್ಲಿ, ಏರ್‌ಬಸ್” ಎಂದ.

ಮುಂದಿನ ಹೆಸರು ನನ್ನದು. ಮುಂಬೈ ಎಂದೆ.

ಹೊರಗೆ ಬಂದದ್ದೇ ಅವನನ್ನು ಹಿಡಿದು ನಿಲ್ಲಿಸಿದೆ. “ಎಂತ ಮಾಡಿದೆ ಮಾರಾಯ ನೀನು? ನಿನ್ನ ಅಮ್ಮನ ಗತಿ?”

“ಅವ್ವ ಬೈತಾಳ್ರಿ ಅಕ್ಕಾರ. ಆದ್ರ ಹಿರ್ಯಾರನ್ನ ಹಿಂದ ಹಾಕಿ ಬಂದೆ ಅಂದ್ರ ಇನ್ನೂ ಹೆಚ್ಚ ಬೈತಾಳ.”

ಅಲ್ಲೇ ರಸ್ತೆಯಲ್ಲಿ ನಾನು ಅತ್ತುಬಿಟ್ಟೆ. ಯಾರಿಗೂ ನಾನು ಇಷ್ಟು ಋಣಿಯಾಗಿರಲಿಲ್ಲ, ಅದನ್ನು ಅವನಿಗೆ ಹೇಳಿಯೂ ಬಿಟ್ಟೆ. ಅವನು ನಾಚಿಕೊಂಡು ಸ್ಟೇಷನ್ನಿನ ಕಡೆ ನೋಡಿದ.

ನಾನು ರಿಕ್ಷಾ ಹಿಡಿದು ಮಗಳ ಹತ್ತಿರ ಹೋದೆ. ಅವನು ಲೋಕಲ್ ರೈಲು ಹಿಡಿದು ಭಾಂಡುಪಿಗೆ ಹೋದ, ಅವ್ವನಿಗೆ ಸುದ್ದಿ ಹೇಳಲು.